ಹಳೆಯ ಸರ್ಕಾರಿ ಕಟ್ಟಡದ ಕೆಲಸ ಹಿಡಿದಾಗ: ತಂಡವನ್ನೂ ಕ್ಲೈಂಟನ್ನೂ ಜೊತೆಗೆ ನಡೆಸುವ ಬಗೆ

ನೂರು ವರ್ಷ ದಾಟಿದ ಸರ್ಕಾರಿ ಕಟ್ಟಡವೊಂದರ ದುರಸ್ತಿ ನಿಮ್ಮ ಕೈಗೆ ಬಂದಿದೆ. ಎಂಜಿನಿಯರಿಂಗ್ ತಂಡಕ್ಕೆ ನೀವೇ ಮುಖ್ಯಸ್ಥರು. ಗೋಡೆ, ತೊಲೆ, ಅಡಿಪಾಯ ನೋಡೋಣ ಎಂದು ಮನಸ್ಸು ತುಡಿಯುವುದು ಸಹಜ. ಆದರೆ ಅದಕ್ಕೂ ಮೊದಲು ಒಂದು ಹಾಳೆ ತೆಗೆದುಕೊಂಡು ಕ್ಲೈಂಟ್ ಯಾರು ಎಂದು ಬರೆಯಿರಿ. ಒಂದೇ ಹೆಸರು ಬಂದರೆ ನೀವು ಇನ್ನೂ ಸರಿಯಾಗಿ ವಿಚಾರಿಸಿಲ್ಲ ಎಂದೇ ಅರ್ಥ.

ನಾನು ಸ್ಟ್ರಕ್ಚರಲ್ ಎಂಜಿನಿಯರ್, ಅಂದರೆ ಕಟ್ಟಡ ಹೊರುವ ಭಾರ, ಅದರ ಬಲ ನೋಡುವುದು ನನ್ನ ಕೆಲಸ. ನನ್ನ ಕೆಲಸದ ಬಹುಪಾಲು ಇಂಥ ಕಟ್ಟಡಗಳಲ್ಲೇ ಕಳೆದಿದೆ. ಇಲ್ಲಿ ಕಲ್ಲು, ಮರ, ಕಬ್ಬಿಣ ಕೊಡುವ ಕಷ್ಟಕ್ಕೆ ಲೆಕ್ಕವಿದೆ, ಪರೀಕ್ಷೆ ಇದೆ, ದಾರಿ ಇದೆ. ಕೆಲಸ ಹದಗೆಡುವುದು ಹೆಚ್ಚಾಗಿ ಬೇರೆ ಕಡೆಯಿಂದ. ಗೋಡೆಯೊಳಗೆ ಏನಿದೆ ಎಂದು ಯಾರಿಗೂ ಪೂರ್ತಿ ಗೊತ್ತಿಲ್ಲ ಎಂಬ ಸರಳ ಮಾತನ್ನು ಸರಿಯಾದ ಹೊತ್ತಿಗೆ, ಸರಿಯಾದ ಜನರಿಗೆ, ಬರವಣಿಗೆಯಲ್ಲಿ ಹೇಳದೆ ಇದ್ದಾಗ. ಈ ಬರಹ ಮುಖ್ಯವಾಗಿ ಅದರ ಬಗ್ಗೆಯೇ.

ಕ್ಲೈಂಟ್ ಎಂದರೆ ಯಾರೆಲ್ಲ?

ಕಟ್ಟಡದ ಒಡೆತನ ಒಂದು ಇಲಾಖೆಯದು. ಹಣ ಬಿಡುಗಡೆ ಮಾಡುವುದು ಇನ್ನೊಂದು. ಒಳಗೆ ಕೂತು ಕೆಲಸ ಮಾಡುವವರು ಮತ್ತೆ ಬೇರೆ: ನ್ಯಾಯಾಧೀಶರು, ಗುಮಾಸ್ತರು, ಸದನದ ಸದಸ್ಯರು, ದಾಖಲೆ ವಿಭಾಗದವರು. ಪರಂಪರೆ ಕಟ್ಟಡಗಳ ಮೇಲೆ ಕಣ್ಣಿಡುವ ಸಂಸ್ಥೆ ಒಂದು ಕಡೆ, ಭದ್ರತೆಯವರು ಇನ್ನೊಂದು ಕಡೆ. ಇವರೆಲ್ಲ ಒಂದೇ ಮೇಜಿನ ಸುತ್ತ ಕೂತು ಒಂದೇ ಮಾತು ಹೇಳುವುದು ತೀರಾ ಅಪರೂಪ.

ಹಾಳೆಯಲ್ಲಿ ಪ್ರತಿ ಹೆಸರಿನ ಎದುರು ಎರಡು ವಿಷಯ ಬರೆಯಿರಿ. ಈ ವ್ಯಕ್ತಿಗೆ ಯಾವ ತೀರ್ಮಾನದ ಅಧಿಕಾರ ಇದೆ? ಯಾವ ವಿಷಯಕ್ಕೆ ಇವರಿಗೆ ಭಯ? ಹಣಕಾಸಿನವರಿಗೆ ವರ್ಷದ ಕೊನೆಗೆ ಹಣ ಖರ್ಚಾಗದೆ ವಾಪಸ್ ಹೋಗುವ ಭಯ. ಒಳಗಿನ ಅಧಿಕಾರಿಗೆ ಧೂಳು, ಸದ್ದು, ಕಡತ ಕಳೆದುಹೋಗುವ ಭಯ. ಪರಂಪರೆಯವರಿಗೆ ಒಮ್ಮೆ ಒಡೆದದ್ದು ಮತ್ತೆ ಬರುವುದಿಲ್ಲ ಎಂಬ ಭಯ. ಈ ಮೂರೂ ನ್ಯಾಯವಾದ ಭಯಗಳೇ. ಅವರವರ ಭಯಕ್ಕೆ ಉತ್ತರ ಕೊಡದೆ ನಿಮ್ಮ ತಾಂತ್ರಿಕ ವರದಿ ಎಷ್ಟು ಚೆನ್ನಾಗಿದ್ದರೂ ಯಾರ ಮನಸ್ಸಿಗೂ ಇಳಿಯುವುದಿಲ್ಲ.

ಹಾಳೆಯಲ್ಲಿ ಇನ್ನೊಬ್ಬರ ಹೆಸರು ಇರಲೇಬೇಕು. ಕಟ್ಟಡವನ್ನು ದಿನಾ ನೋಡಿಕೊಳ್ಳುವವರು. ನೀರಿನ ವಾಲ್ವ್ ತಿರುಗಿಸುವವರು, ಬೀಗದ ಕೈ ಇಟ್ಟುಕೊಂಡಿರುವವರು. ಯಾವ ಮಳೆಗೆ ಯಾವ ಮೂಲೆ ಸೋರುತ್ತದೆ, ಯಾವ ಬಾಗಿಲು ಯಾವ ಕಾಲದಲ್ಲಿ ಬಿಗಿಯಾಗುತ್ತದೆ ಎಂದು ಅವರಿಗೆ ಗೊತ್ತಿರುತ್ತದೆ. ಬಾಗಿಲು ಬಿಗಿಯಾಗುವುದು ಮರ ಉಬ್ಬಿದ್ದರಿಂದ ಇರಬಹುದು, ಗೋಡೆ ಅಲುಗಿದ್ದರಿಂದಲೂ ಇರಬಹುದು. ಯಾವಾಗಿನಿಂದ ಹೀಗೆ ಎಂದು ಕೇಳಿದರೆ ಅರ್ಧ ಉತ್ತರ ಅಲ್ಲೇ ಸಿಗುತ್ತದೆ. ಮೊದಲ ವಾರ ಅವರ ಜೊತೆ ಚಾವಣಿಯಿಂದ ನೆಲಮಾಳಿಗೆ ತನಕ ನಡೆಯಿರಿ. ಅಧಿಕಾರಿಗಳ ಜೊತೆಗಿನ ಔಪಚಾರಿಕ ಸುತ್ತಾಟದಲ್ಲಿ ಈ ಮಾಹಿತಿ ಸಿಗುವುದಿಲ್ಲ.

ಅಂದಾಜಿಗೆ ಮೊದಲು ತೆರೆದು ನೋಡಿ

ಇಲ್ಲಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಯೋಜನೆಯ ಭವಿಷ್ಯ ನಿಲ್ಲುವುದೇ ಇಲ್ಲಿ.

ಲಂಡನ್ನಿನ ಎಲಿಜಬೆತ್ ಗೋಪುರ ಎಲ್ಲರಿಗೂ ಗೊತ್ತು, ಬಿಗ್ ಬೆನ್ ಗಂಟೆ ಇರುವ ಗೋಪುರ. ಅದರ ದೊಡ್ಡ ದುರಸ್ತಿ 2017ರಲ್ಲಿ ಶುರುವಾಗಿ 2022ರಲ್ಲಿ ಮುಗಿಯಿತು. ಮೊದಲ ಅಂದಾಜು ಸುಮಾರು 2.9 ಕೋಟಿ ಪೌಂಡ್. 2017ರಲ್ಲೇ ಅದು 6.1 ಕೋಟಿಗೆ ಏರಿತು. 2020ರಲ್ಲಿ ಮತ್ತೆ ಏರಿ 8 ಕೋಟಿಯ ಹತ್ತಿರ ಬಂತು. ಸ್ಕ್ಯಾಫೋಲ್ಡಿಂಗ್ ಎದ್ದ ಮೇಲೆ, ಒಳಗೆ ಕೊರೆದು ನೋಡಿದ ಮೇಲೆ ಒಂದೊಂದೇ ಹೊರಬಂದವು: ಎರಡನೇ ಮಹಾಯುದ್ಧದ ಬಾಂಬ್ ದಾಳಿಯ ಹಾನಿ, ಆಸ್ಬೆಸ್ಟಾಸ್, ಸೀಸದ ಬಣ್ಣ, ಹೊಗೆಯಿಂದ ಹಾಳಾದ ಕಲ್ಲು. ಇವೆಲ್ಲ ಮೊದಲಿಂದಲೂ ಅಲ್ಲೇ ಇದ್ದವು. ಹತ್ತಿರ ಹೋಗಿ ನೋಡುವ ದಾರಿ ಇರಲಿಲ್ಲ ಅಷ್ಟೆ.

ಹೀಗಾಗಿ ಕ್ಲೈಂಟ್ ಮುಂದೆ ನಿಮ್ಮ ಮೊದಲ ಬೇಡಿಕೆ ಪರಿಶೀಲನೆಗೆ ಹಣ ಮತ್ತು ಸಮಯ. ಇದನ್ನು ಯೋಜನೆಯ ಒಳಗೆ ಹುದುಗಿಸಬೇಡಿ. ಪ್ರತ್ಯೇಕ ಹಂತವಾಗಿ, ಪ್ರತ್ಯೇಕ ಮಂಜೂರಾತಿಯಾಗಿ ಕೇಳಿ. 'ಇನ್ನೂ ಕೆಲಸವೇ ಶುರುವಾಗಿಲ್ಲ, ಆಗಲೇ ಹಣವಾ?' ಎಂದು ಕೇಳುತ್ತಾರೆ. ಆಗ ಗೋಪುರದ ಲೆಕ್ಕ ಮುಂದಿಡಿ. ಈಗ ನೋಡಿದರೂ ಖರ್ಚು ಬರುತ್ತದೆ, ಆಮೇಲೆ ನೋಡಿದರೂ ಬರುತ್ತದೆ. ಆಮೇಲೆ ನೋಡಿದರೆ ಗುತ್ತಿಗೆದಾರನ ಆಳುಗಳೂ ಯಂತ್ರಗಳೂ ಸುಮ್ನೆ ನಿಂತಿರುವ ದಿನಗಳ ಖರ್ಚೂ ಸೇರುತ್ತದೆ.

ತೆರೆದು ನೋಡುವುದು ಎಂದರೆ ಎಲ್ಲ ಒಡೆಯುವುದಲ್ಲ. ಗಾರೆಯ ಸಂದಿನಲ್ಲಿ ಬೆರಳು ದಪ್ಪದ ತೂತು ಮಾಡಿ ಎಂಡೋಸ್ಕೋಪ್, ಅಂದರೆ ತುದಿಯಲ್ಲಿ ಕ್ಯಾಮೆರಾ ಇರುವ ತೆಳು ನಳಿಕೆ, ಬಿಡಬಹುದು. ರಾಡಾರ್‌ನಿಂದ ಗೋಡೆಯೊಳಗಿನ ಪೊಳ್ಳು, ಹುದುಗಿದ ಕಬ್ಬಿಣ ಪತ್ತೆ ಮಾಡಬಹುದು. ಗಾರೆಯ ಸಂದಿನಲ್ಲಿ ತೆಳುವಾದ ಸೀಳು ಹಾಕಿ, ಫ್ಲಾಟ್ ಜ್ಯಾಕ್ (ಎಣ್ಣೆಯ ಒತ್ತಡದಿಂದ ಉಬ್ಬುವ ತೆಳು ಲೋಹದ ಚೀಲ) ಇಟ್ಟು, ಗೋಡೆ ಈಗ ಎಷ್ಟು ಒತ್ತಡ ಹೊತ್ತಿದೆ ಎಂದು ಅಳೆಯಬಹುದು. ಪ್ರತಿ ತೂತಿನ ಜಾಗವನ್ನೂ ಪರಂಪರೆ ಸಂಸ್ಥೆಯವರ ಜೊತೆ ಕೂತೇ ಗುರುತು ಮಾಡಿ. ಅಲಂಕಾರ ಇಲ್ಲದ ಕಡೆ, ಹಿಂದೆ ಯಾರೋ ಪ್ಲಾಸ್ಟರ್ ತೇಪೆ ಹಾಕಿದ ಕಡೆ ಆರಿಸಿ. ಅನುಮತಿ ಕೇಳುವ ಪತ್ರಕ್ಕಿಂತ ಹೀಗೆ ಜೊತೆಗೆ ಕೂತು ಗುರುತು ಹಾಕಿದ ಒಂದು ಮಧ್ಯಾಹ್ನ ಜಾಸ್ತಿ ಕೆಲಸ ಮಾಡುತ್ತದೆ.

ಬಿರುಕುಗಳಿಗೆ ಅಳತೆ ಪಟ್ಟಿ ಅಂಟಿಸಿ, ಕನಿಷ್ಠ ಒಂದು ವರ್ಷ ಓದಬೇಕು. ಬೇಸಿಗೆ, ಮಳೆ, ಚಳಿ ಎಲ್ಲ ಬಂದುಹೋಗಬೇಕು. ಋತುವಿನ ಜೊತೆ ತೆರೆದು ಮುಚ್ಚುವ ಬಿರುಕು ಬೇರೆ, ಒಂದೇ ದಿಕ್ಕಿಗೆ ಬೆಳೆಯುತ್ತಲೇ ಹೋಗುವ ಬಿರುಕು ಬೇರೆ. ಮೂರು ತಿಂಗಳ ಅಳತೆ ನೋಡಿ ಅಡಿಪಾಯ ಬಲಪಡಿಸಬೇಕು ಎಂದು ಹೇಳುವ ಎಂಜಿನಿಯರನ್ನು ನಾನು ಒಪ್ಪುವುದಿಲ್ಲ. ಹಾಗಾಗಿ ಕೆಲಸ ಕೈಗೆ ಬಂದ ವಾರವೇ ಅಳತೆ ಶುರು ಮಾಡಿ. ಟೆಂಡರ್, ಮಂಜೂರಾತಿ ಎಂದು ಕಾಗದ ಓಡಾಡುವಷ್ಟರಲ್ಲಿ ವರ್ಷ ತಾನಾಗಿಯೇ ಕಳೆದಿರುತ್ತದೆ.

ಹಳೆಯ ನಕ್ಷೆಗಳನ್ನು ಹುಡುಕಿ, ಆದರೆ ನಂಬಿಬಿಡಬೇಡಿ. ನಕ್ಷೆ ಹೇಳುವುದು ಕಟ್ಟಬೇಕು ಎಂದುಕೊಂಡದ್ದನ್ನು. ಅಮೆರಿಕದ ವೈಟ್ ಹೌಸ್ ಕತೆ ನೋಡಿ. 1948ರಲ್ಲಿ ಅಧ್ಯಕ್ಷ ಟ್ರೂಮನ್ ಅವರ ಮಗಳ ಪಿಯಾನೊದ ಕಾಲು ನೆಲ ತೂರಿ ಇಳಿಯಿತು. ಪರಿಶೀಲಿಸಿದಾಗ ಕಂಡದ್ದೇನು? ಕೊಳಾಯಿಗೆ, ವಿದ್ಯುತ್ ತಂತಿಗೆ ದಾರಿ ಮಾಡಲು ಮರದ ತೊಲೆಗಳನ್ನು ಕಾಲಕಾಲಕ್ಕೆ ಕತ್ತರಿಸಲಾಗಿತ್ತು. 1927ರಲ್ಲಿ ಮೇಲೆ ಉಕ್ಕು, ಕಾಂಕ್ರೀಟಿನ ಮಹಡಿ ಸೇರಿ ಒಳಗೋಡೆಗಳ ಮೇಲೆ ಭಾರ ಏರಿತ್ತು. ಕೊಳಾಯಿಯವರು ಕೊಳಾಯಿಯನ್ನಷ್ಟೇ ನೋಡಿದ್ದರು, ತಂತಿಯವರು ತಂತಿಯನ್ನಷ್ಟೇ. ಇಡೀ ಕಟ್ಟಡವನ್ನು ಒಟ್ಟಾಗಿ ನೋಡುವವರು ಇರಲಿಲ್ಲ. ಕೊನೆಗೆ ಹೊರಗೋಡೆ ಉಳಿಸಿಕೊಂಡು ಒಳಗನ್ನೆಲ್ಲ ಬಿಚ್ಚಿ, ಉಕ್ಕಿನ ಚೌಕಟ್ಟು ನಿಲ್ಲಿಸಬೇಕಾಯಿತು. 1952ರಲ್ಲಿ ಅದು ಮುಗಿಯಿತು. ನಿಮ್ಮ ಕಟ್ಟಡದಲ್ಲಿ ಈ ಹಿಂದೆ ಯಾವ್ಯಾವ ದುರಸ್ತಿ ಆಯಿತು, ಯಾವ ವರ್ಷ, ಯಾಕೆ ಎಂಬ ಪಟ್ಟಿಯನ್ನು ತಂಡದಲ್ಲಿ ಒಬ್ಬರಿಗೆ ವಹಿಸಿ. ಹಳೆಯ ಬಿಲ್ಲುಗಳು, ಟೆಂಡರ್ ಕಡತಗಳು, ಫೋಟೋಗಳು ಇದಕ್ಕೆ ನಕ್ಷೆಗಿಂತ ಹೆಚ್ಚು ನೆರವಾಗುತ್ತವೆ.

ಸಂಖ್ಯೆ ಹೇಳುವ ರೀತಿ

ಎಲ್ಲರೂ ಕೇಳುವುದು ಒಂದೇ ಪ್ರಶ್ನೆ. ಎಷ್ಟಾಗುತ್ತದೆ? ಪರಿಶೀಲನೆ ಮುಗಿಯುವ ಮೊದಲು ಒಂದೇ ಸಂಖ್ಯೆ ಹೇಳಬೇಡಿ. ಬಾಯಿಮಾತಿಗೂ ಬೇಡ. ನೀವು ನಡೆಯುತ್ತಾ ಹೇಳಿದ ಸಂಖ್ಯೆ ಸಂಜೆಯೊಳಗೆ ಯಾವುದೋ ಟಿಪ್ಪಣಿಯಲ್ಲಿ ಸೇರಿರುತ್ತದೆ. ಆಮೇಲೆ ಅದನ್ನು ಅಳಿಸಲು ಆಗುವುದಿಲ್ಲ.

ಕೆಳಗಿನ ಮಿತಿ, ಮೇಲಿನ ಮಿತಿ ಎರಡನ್ನೂ ಕೊಡಿ. ನಡುವಿನ ಅಂತರಕ್ಕೆ ಕಾರಣಗಳನ್ನು ಹೆಸರು ಹೇಳಿ ಬರೆಯಿರಿ. 'ಅನಿರೀಕ್ಷಿತ ಖರ್ಚು' ಎಂಬ ಒಂದೇ ಸಾಲನ್ನು ಹಣಕಾಸಿನವರು ಮೊದಲು ಕತ್ತರಿಸುತ್ತಾರೆ. ಅದರ ಬದಲು ಹೀಗೆ ಬರೆಯಿರಿ: 'ಪೂರ್ವದ ಚಾವಣಿಯಲ್ಲಿ ಗೋಡೆಯೊಳಗೆ ಕೂತ ತೊಲೆಗಳ ತುದಿಗಳನ್ನು ಇನ್ನೂ ನೋಡಿಲ್ಲ. ಅವು ಕೊಳೆತಿದ್ದರೆ ಇಷ್ಟು ಹೆಚ್ಚು. ಚೆನ್ನಾಗಿದ್ದರೆ ಈ ಮೊತ್ತ ಉಳಿಯುತ್ತದೆ. ಚಾವಣಿ ತೆರೆದ ಮೇಲೆ ಗೊತ್ತಾಗುತ್ತದೆ.' ಇಂಥ ಸಾಲನ್ನು ಕತ್ತರಿಸುವುದು ಕಷ್ಟ. ಪ್ರತಿ ತಿಂಗಳು ಈ ಪಟ್ಟಿಯನ್ನು ಮತ್ತೆ ಮುಂದಿಟ್ಟು, ಯಾವ ಸಂಶಯ ತೀರಿತು, ಅದರಿಂದ ಎಷ್ಟು ಹಣ ಉಳಿಯಿತು ಎಂದು ತೋರಿಸಿ. ಉಳಿದ ಹಣವನ್ನು ಉಳಿದಿದೆ ಎಂದು ನೀವೇ ಬಾಯಿಬಿಟ್ಟು ಹೇಳಿದರೆ ಮುಂದೆ ಹೆಚ್ಚು ಕೇಳಿದಾಗ ಜನ ನಂಬುತ್ತಾರೆ.

ಗುತ್ತಿಗೆ ಮಾಡುವಾಗಲೂ ಇದೇ. ಕಾಣದ ಕೆಲಸಕ್ಕೆ ಒಟ್ಟು ಮೊತ್ತದ ಗುತ್ತಿಗೆ ಕೊಟ್ಟರೆ ಗುತ್ತಿಗೆದಾರ ಭಯಕ್ಕೆ ದರ ಏರಿಸುತ್ತಾನೆ, ಇಲ್ಲವೇ ಕಡಿಮೆ ಹೇಳಿ ಆಮೇಲೆ ಜಗಳಕ್ಕೆ ನಿಲ್ಲುತ್ತಾನೆ. ಕಲ್ಲು ಬದಲಿಸುವುದು, ಗಾರೆ ತುಂಬುವುದು, ತೊಲೆಯ ತುದಿ ಜೋಡಿಸುವುದು ಇಂಥವಕ್ಕೆ ಅಳತೆಯ ದರ ಇರಲಿ. ಎಷ್ಟು ಎಂಬುದನ್ನು ಸ್ಥಳದಲ್ಲಿ ಇಬ್ಬರೂ ಸೇರಿ ಅಳೆಯಲಿ.

ತಂಡದೊಳಗಿನ ಜಗಳವನ್ನು ಕ್ಲೈಂಟ್ ಮುಂದೆ ಆಡಬೇಡಿ

ಸ್ಟ್ರಕ್ಚರಲ್ ಎಂಜಿನಿಯರ್ 'ಬಲ ಸಾಲದು' ಎನ್ನುತ್ತಾರೆ. ಸಂರಕ್ಷಣಾ ವಾಸ್ತುಶಿಲ್ಪಿ 'ಮುಟ್ಟಬೇಡಿ' ಎನ್ನುತ್ತಾರೆ. ಏರ್ ಕಂಡಿಷನ್, ವಿದ್ಯುತ್ ನೋಡುವವರು 'ಈ ಗೋಡೆಯಲ್ಲಿ ತೂತು ಬೇಕೇ ಬೇಕು' ಎನ್ನುತ್ತಾರೆ. ಮೂವರೂ ಸರಿ. ಮುಖ್ಯಸ್ಥರ ಕೆಲಸ ಈ ಮೂವರನ್ನು ಕ್ಲೈಂಟ್ ಸಭೆಗೆ ಎರಡು ದಿನ ಮೊದಲೇ ಕಟ್ಟಡದ ಆ ಜಾಗದಲ್ಲೇ ನಿಲ್ಲಿಸಿ ಮಾತಾಡಿಸುವುದು. ಕೋಣೆಯಲ್ಲಿ ಕೂತು ನಕ್ಷೆಯ ಮೇಲೆ ವಾದಿಸಿದರೆ ಮುಗಿಯುವುದಿಲ್ಲ.

ಹಳೆಯ ಸ್ಥಳಗಳ ಸಂರಕ್ಷಣೆಗೆ ಆಸ್ಟ್ರೇಲಿಯಾದಲ್ಲಿ 1979ರಲ್ಲಿ ಮೊದಲು ರೂಪಿಸಿದ ಬುರಾ ಸನ್ನದು ಹೇಳುವ ತತ್ವ ನನ್ನ ತಂಡದ ನಿಯಮವೂ ಹೌದು: ಅಗತ್ಯವಿದ್ದಷ್ಟು ಮಾಡು, ಆದಷ್ಟು ಕಡಿಮೆ ಬದಲಿಸು. ಹೊಸ ಕಟ್ಟಡಕ್ಕೆ ಬರೆದ ನಿಯಮಾವಳಿಯನ್ನು ಹಳೆಯ ನೆಲದ ಮೇಲೆ ಹಾಕಿ ನೋಡಿದರೆ ಕಾಗದದ ಮೇಲೆ ಅದು ಫೇಲ್ ಆಗುವುದು ಸಾಮಾನ್ಯ. ಆದರೆ ಅದೇ ನೆಲದ ಮೇಲೆ ನೀರಿನ ಚೀಲಗಳನ್ನಿಟ್ಟು ಹಂತಹಂತವಾಗಿ ಭಾರ ಏರಿಸಿ, ಎಷ್ಟು ಬಾಗಿತು, ಭಾರ ತೆಗೆದ ಮೇಲೆ ಎಷ್ಟು ವಾಪಸ್ ಬಂತು ಎಂದು ಅಳೆದರೆ ಚಿತ್ರವೇ ಬದಲಾಗಬಹುದು. ಈ ಪರೀಕ್ಷೆಗೆ ಅಧಿಕಾರಿಗಳನ್ನು ಕರೆಯಿರಿ. ಗೇಜಿನ ಮುಳ್ಳು ಮೊದಲಿದ್ದ ಕಡೆಗೆ ಮರಳುವುದನ್ನು ಅವರು ಕಣ್ಣಾರೆ ನೋಡಲಿ.

ಇದರ ಉಲ್ಟಾ ಕೂಡ ಆಗುತ್ತದೆ. ಒಂದು ಕಚೇರಿಯಲ್ಲಿ ದಾಖಲೆ ಕೋಣೆಯನ್ನು ಮೇಲಿನ ಮಹಡಿಗೆ ಹಾಕಿದ್ದರು. ಕಬ್ಬಿಣದ ರ‍್ಯಾಕ್‌ಗಳು ಚಾವಣಿ ತನಕ. ಕಚೇರಿ ನೆಲಕ್ಕೆ ಸಾಮಾನ್ಯವಾಗಿ ಚದರ ಮೀಟರಿಗೆ 2.5ರಿಂದ 3 ಕಿಲೋನ್ಯೂಟನ್, ಅಂದರೆ ಸುಮಾರು 250ರಿಂದ 300 ಕಿಲೋ ಭಾರ ಹಿಡಿಯುತ್ತೇವೆ. ಒತ್ತಾಗಿ ತುಂಬಿದ ಕಡತಗಳು ಅದರ ಎರಡು ಪಟ್ಟು ಸುಲಭವಾಗಿ ದಾಟುತ್ತವೆ. ನೆಲ ಬಲಪಡಿಸಲು ಉಕ್ಕಿನ ತೊಲೆ ಹಾಕೋಣ ಎಂದು ತಂಡ ಹೊರಟಿತ್ತು. ಹಾಗೆ ಮಾಡಿದ್ದರೆ ಕೆಳಗಿನ ಕೋಣೆಯ ಚಿತ್ತಾರದ ಸೀಲಿಂಗ್ ಹೋಗುತ್ತಿತ್ತು. ಕೊನೆಗೆ ಆದದ್ದು ಇಷ್ಟೇ: ಕಡತಗಳು ಕೆಳಗಿನ ಮಹಡಿಗೆ ಇಳಿದವು. ಈ ತೀರ್ಮಾನ ಬಂದದ್ದು ದಾಖಲೆ ವಿಭಾಗದ ಹಿರಿಯ ಗುಮಾಸ್ತರಿಂದ. 'ನಮಗೂ ಮೆಟ್ಟಿಲು ಹತ್ತುವುದು ತಪ್ಪುತ್ತದೆ' ಎಂದರು. ಭಾರ ಹೊರುವ ಬಲ ಹೆಚ್ಚಿಸುವ ಮೊದಲು ಭಾರ ಇಳಿಸಬಹುದಾ ಎಂದು ಬಳಸುವವರನ್ನೇ ಕೇಳಿ.

ಹಳೆಯ ವಸ್ತುವಿನ ಗುಣ ತಿಳಿದವರು ತಂಡದಲ್ಲಿ ಇರಬೇಕು. ಸುಣ್ಣದ ಗಾರೆಯ ಗೋಡೆಗೆ ಸಿಮೆಂಟ್ ತುಂಬಿದರೆ ಗೋಡೆಯೊಳಗಿನ ತೇವ ಗಾರೆಯಿಂದ ಹೊರಹೋಗಲಾರದೆ ಕಲ್ಲಿನಿಂದ ಹೋಗುತ್ತದೆ. ಆಗ ಕಲ್ಲಿನ ಮುಖವೇ ಪದರ ಪದರವಾಗಿ ಉದುರುತ್ತದೆ. ಎರಕದ ಕಬ್ಬಿಣ ಬೆಸುಗೆಯ ಕಾವಿಗೆ ಸುಲಭವಾಗಿ ಬಿರಿಯಬಹುದು. ಅಮೆರಿಕದ ಸಂಸತ್ ಭವನವಾದ ಕ್ಯಾಪಿಟಲ್‌ನ ಗುಮ್ಮಟ ಎರಕದ ಕಬ್ಬಿಣದ್ದು, ಅದರಲ್ಲಿ 1,000ಕ್ಕೂ ಹೆಚ್ಚು ಬಿರುಕು ಸಿಕ್ಕಿದ್ದವು. 2014ರಿಂದ 2016ರ ನಡುವೆ ದುರಸ್ತಿ ಮಾಡುವಾಗ ಬೆಸುಗೆ ಬಿಟ್ಟು, ಬಿರುಕಿನ ಉದ್ದಕ್ಕೂ ತೂತು ಕೊರೆದು ಲೋಹದ ಪಿನ್ನು, ಬೀಗಗಳಿಂದ ಹೊಲಿಗೆ ಹಾಕಿದಂತೆ ಬಿಗಿದರು.

ಕೆಲವೊಮ್ಮೆ ದೊಡ್ಡ ಎಂಜಿನಿಯರಿಂಗೇ ಕಟ್ಟಡವನ್ನು ಉಳಿಸುತ್ತದೆ, ಇದನ್ನೂ ಕ್ಲೈಂಟಿಗೆ ಹೇಳಬೇಕು. ಅಮೆರಿಕದ ಸಾಲ್ಟ್ ಲೇಕ್ ಸಿಟಿಯ ನಗರಾಡಳಿತ ಭವನ 1894ರದ್ದು. ಭೂಕಂಪದಿಂದ ಕಾಪಾಡಲು ಅದರ ಗೋಡೆಗಳನ್ನೆಲ್ಲ ಬಲಪಡಿಸಿದ್ದರೆ ಒಳಗಿನ ಅಂದವೇ ಹೋಗುತ್ತಿತ್ತು. ಬದಲಿಗೆ ಕಟ್ಟಡದ ಬುಡದಲ್ಲಿ, ನೆಲದ ಅಲುಗಾಟ ಮೇಲೇರುವುದನ್ನು ತಗ್ಗಿಸುವ ರಬ್ಬರ್ ಮತ್ತು ಉಕ್ಕಿನ ಪದರಗಳ ದಿಂಬುಗಳನ್ನು ಕೂರಿಸಿದರು. 1989ರಲ್ಲಿ ಮುಗಿದ ಈ ಕೆಲಸ ಹಳೆಯ ಕಟ್ಟಡವೊಂದಕ್ಕೆ ಈ ವಿಧಾನ ಬಳಸಿದ ಮೊದಲ ಉದಾಹರಣೆ. ಕಷ್ಟದ ಕೆಲಸವನ್ನು ಹೆಚ್ಚಾಗಿ ನೆಲದ ಕೆಳಗೆ ಮಾಡಿ, ಮೇಲಿನದನ್ನು ಬಹುಮಟ್ಟಿಗೆ ಇದ್ದಂತೆ ಬಿಟ್ಟರು.

ಕಚೇರಿ ನಡೆಯುತ್ತಿರುವಾಗ

ಪೂರ್ತಿ ಖಾಲಿ ಮಾಡಿಸಬೇಕಾ, ಅಥವಾ ಕಚೇರಿ ನಡೆಯುತ್ತಲೇ ಕೆಲಸ ಮಾಡಬೇಕಾ? ಈ ತೀರ್ಮಾನವನ್ನು ಬೇಗ ಮಾಡಿಸಿ. ಕೆನಡಾದ ಸಂಸತ್ತಿನ ಸೆಂಟರ್ ಬ್ಲಾಕ್ ದುರಸ್ತಿಗೆ ಇಡೀ ಸದನವೇ ಬೇರೆ ಕಡೆಗೆ ಹೋಯಿತು. 2019ರಿಂದ ಕೆಳಮನೆ ಪಕ್ಕದ ವೆಸ್ಟ್ ಬ್ಲಾಕ್‌ನಲ್ಲಿ, ಸೆನೆಟ್ ಹಳೆಯ ರೈಲು ನಿಲ್ದಾಣದ ಕಟ್ಟಡದಲ್ಲಿ ಸೇರುತ್ತಿವೆ. ಅದಕ್ಕಾಗಿ ಆ ಎರಡೂ ಕಟ್ಟಡಗಳನ್ನು ಮೊದಲು ಸಿದ್ಧಪಡಿಸಬೇಕಾಯಿತು. ಕ್ಯಾಪಿಟಲ್ ಗುಮ್ಮಟದಲ್ಲಿ ಇನ್ನೊಂದು ದಾರಿ ಹಿಡಿದರು. ಸದನ ನಡೆಯುತ್ತಲೇ ಇತ್ತು. ಸ್ಕ್ಯಾಫೋಲ್ಡಿಂಗ್ ಕಟ್ಟುವುದನ್ನು ಹೆಚ್ಚಾಗಿ ರಾತ್ರಿ, ವಾರದ ಕೊನೆಗೆ ಇಟ್ಟುಕೊಂಡರು. ಒಳಗೆ ಕಟ್ಟಿದ ರಕ್ಷಣೆಯ ಬಟ್ಟೆಗೆ ನಡುವೆ ದುಂಡಗೆ ತೆರಪು ಬಿಟ್ಟರು, ಕೆಳಗೆ ನಿಂತವರಿಗೆ ಗುಮ್ಮಟದ ಚಿತ್ರ ಕಾಣಲಿ ಎಂದು. ಆ ತೆರಪು ನನಗೆ ತುಂಬಾ ಇಷ್ಟ. ಎಂಜಿನಿಯರಿಂಗಿಗೆ ಅದು ಬೇಕಿರಲಿಲ್ಲ. ಬರುವ ಜನರ ಮೇಲಿನ ಗೌರವಕ್ಕೆ ಬೇಕಿತ್ತು.

ಒಳಗೆ ಜನ ಇದ್ದರೆ ಪ್ರತಿ ವಾರ ಒಂದು ಪುಟದ ಸೂಚನೆ ಕೊಡಿ. ಯಾವ ದಿನ ಯಾವ ಗಂಟೆಗೆ ಸದ್ದು, ಯಾವ ಮೆಟ್ಟಿಲು ಬಂದ್, ಯಾರಿಗೆ ಫೋನ್ ಮಾಡಬೇಕು. ಇಷ್ಟೇ ಸಾಕು. ವಿಚಾರಣೆ, ಸಭೆ ನಡೆಯುವ ಗಂಟೆಗಳಲ್ಲಿ ಕೊರೆಯುವುದು ಬೇಡ ಎಂದು ಗುತ್ತಿಗೆಯಲ್ಲೇ ಬರೆಯಿರಿ. ಆಮೇಲೆ ಸೇರಿಸಿದರೆ ಹೆಚ್ಚುವರಿ ಹಣ ಕೇಳುತ್ತಾರೆ.

ಬೆಂಕಿಯ ಬಗ್ಗೆ ಚಿಕ್ಕದಾಗಿ, ಆದರೆ ಗಟ್ಟಿಯಾಗಿ ಹೇಳುತ್ತೇನೆ. ಹಳೆಯ ಕಟ್ಟಡಗಳಿಗೆ ದುರಸ್ತಿಯ ಕಾಲವೇ ಅಪಾಯದ ಕಾಲ. 2024ರ ಏಪ್ರಿಲ್‌ನಲ್ಲಿ ಡೆನ್ಮಾರ್ಕಿನ ಕೋಪನ್‌ಹೇಗನ್ನಿನ ಹದಿನೇಳನೇ ಶತಮಾನದ ಬೋರ್ಸನ್ ಕಟ್ಟಡ (ಹಳೆಯ ಷೇರು ವಿನಿಮಯ ಕೇಂದ್ರ) ದುರಸ್ತಿ ನಡೆಯುತ್ತಿದ್ದಾಗಲೇ ಹೊತ್ತಿ ಉರಿದು, ಅದರ ಶಿಖರ ಕುಸಿಯಿತು. ಬೆಸುಗೆ, ಗ್ರೈಂಡಿಂಗ್, ಬೆಂಕಿ ಹಚ್ಚುವ ಯಾವ ಕೆಲಸಕ್ಕೂ ಆ ದಿನದ್ದೇ ಲಿಖಿತ ಅನುಮತಿ ಬೇಕು. ಮುಗಿದ ಮೇಲೆ ಕನಿಷ್ಠ ಒಂದು ಗಂಟೆ ಒಬ್ಬರು ಅಲ್ಲೇ ಕಾಯಬೇಕು. ಸಂಜೆ ಕೊನೆಯ ಗಂಟೆಗಳಲ್ಲಿ ಇಂಥ ಕೆಲಸವೇ ಬೇಡ. ಕೆನಡಾದ ಒಟ್ಟಾವಾದಲ್ಲಿ 1916ರಲ್ಲಿ ಸಂಸತ್ ಭವನ ಸುಟ್ಟಾಗ ಗ್ರಂಥಾಲಯ ಉಳಿದದ್ದು ಅದರ ಕಬ್ಬಿಣದ ಬಾಗಿಲನ್ನು ಸಮಯಕ್ಕೆ ಮುಚ್ಚಿದ್ದರಿಂದ. ನಿಮ್ಮ ಸೈಟಿನಲ್ಲಿ ಅಗ್ನಿ ಬಾಗಿಲುಗಳನ್ನು ಕಲ್ಲಿಟ್ಟು ತೆರೆದಿಡಲು ಬಿಡಬೇಡಿ.

ಕೆಟ್ಟ ಸುದ್ದಿ ಹೇಳುವಾಗ

ಚಾವಣಿ ತೆರೆದಿರಿ. ತೊಲೆಗಳ ತುದಿ ಪುಡಿಯಾಗಿದೆ. ಖರ್ಚೂ ಏರುತ್ತದೆ, ತಿಂಗಳುಗಳೂ ಏರುತ್ತವೆ. ಈಗೇನು?

ಅದೇ ದಿನ ಫೋನ್ ಮಾಡಿ. ಪೂರ್ತಿ ಲೆಕ್ಕ ಸಿದ್ಧವಾಗಲಿ ಎಂದು ಕಾಯಬೇಡಿ. ಬೇರೆಯವರ ಬಾಯಿಂದ ಅವರಿಗೆ ಮೊದಲು ತಿಳಿದರೆ ನಿಮ್ಮ ಮುಂದಿನ ಮಾತಿಗೆಲ್ಲ ಬೆಲೆ ಇಳಿಯುತ್ತದೆ. ಫೋನಿನಲ್ಲಿ ಮೂರು ಮಾತು: ಏನು ಕಂಡಿತು, ಈ ಕ್ಷಣ ಜನಕ್ಕೆ ಅಪಾಯ ಇದೆಯಾ, ಯಾವ ದಿನದೊಳಗೆ ಆಯ್ಕೆಗಳನ್ನು ತರುತ್ತೇವೆ. ಆಮೇಲೆ ಅವರನ್ನು ಹೆಲ್ಮೆಟ್ ಹಾಕಿಸಿ ಮೇಲಕ್ಕೆ ಕರೆದೊಯ್ಯಿರಿ. ಕೊಳೆತ ಮರಕ್ಕೆ ಸ್ಕ್ರೂಡ್ರೈವರ್ ಚುಚ್ಚಿ, ಅದು ಹಿಡಿಯ ತನಕ ಇಳಿಯುವುದನ್ನು ತೋರಿಸಿ. ಎಷ್ಟೋ ಪುಟಗಳ ವರದಿ ಮಾಡದ ಕೆಲಸವನ್ನು ಇದು ಮಾಡುತ್ತದೆ.

ಆಯ್ಕೆ ಕೊಡುವಾಗ ಏನೂ ಮಾಡದೆ ಬಿಟ್ಟರೆ ಏನಾಗುತ್ತದೆ ಎಂಬುದನ್ನೂ ಸೇರಿಸಿ. ನಿಮ್ಮ ಶಿಫಾರಸು ಯಾವುದು ಎಂದು ಸ್ಪಷ್ಟವಾಗಿ ಹೇಳಿ. ಮೂರು ಆಯ್ಕೆ ಮುಂದಿಟ್ಟು 'ನೀವೇ ನೋಡಿ' ಎನ್ನುವುದು ಜವಾಬ್ದಾರಿ ಜಾರಿಸುವುದು.

ಒಂದು ಕೆಲಸದಲ್ಲಿ ಸಮಾರಂಭದ ದಿನಾಂಕ ಮೊದಲೇ ನಿಗದಿಯಾಗಿತ್ತು. ಸುಣ್ಣದ ಪ್ಲಾಸ್ಟರ್ ಇನ್ನೂ ಆರಿರಲಿಲ್ಲ. ಬಣ್ಣ ಬಳಿದುಬಿಡಿ ಎಂದು ಮೇಲಿನಿಂದ ಒತ್ತಡ ಬಂತು. ಹಸಿ ಪ್ಲಾಸ್ಟರ್ ಮೇಲೆ ಬಣ್ಣ ಬಳಿದರೆ ತಿಂಗಳುಗಳಲ್ಲೇ ಗುಳ್ಳೆ ಏಳುತ್ತದೆ ಎಂದು ಬರೆದುಕೊಟ್ಟೆವು. ಜೊತೆಗೆ ದಾರಿಯನ್ನೂ ಕೊಟ್ಟೆವು: ಮುಂದಿನ ಎರಡು ಕೋಣೆ ಮಾತ್ರ ಸುಣ್ಣದ ತೆಳು ಲೇಪನದಲ್ಲಿ ಸಿದ್ಧಪಡಿಸೋಣ, ಉಳಿದದ್ದಕ್ಕೆ ಬಟ್ಟೆಯ ಪರದೆ ಹಾಕಿ ಕೆಲಸದ ಫೋಟೋಗಳನ್ನು ತೂಗುಹಾಕೋಣ. ಒಪ್ಪಿದರು. ಬಂದ ಜನ ಫೋಟೋಗಳ ಮುಂದೆಯೇ ಜಾಸ್ತಿ ಹೊತ್ತು ನಿಂತರು. ಬರೀ 'ಆಗಲ್ಲ' ಎಂದಿದ್ದರೆ ಆ ಗೋಡೆಗೆ ಬಣ್ಣ ಬಿದ್ದೇ ಬೀಳುತ್ತಿತ್ತು.

ಎಲ್ಲವನ್ನೂ ಬರೆದಿಡಿ

ಸರ್ಕಾರಿ ಯೋಜನೆ ವರ್ಷಗಟ್ಟಲೆ ನಡೆಯುತ್ತದೆ. ಅಧಿಕಾರಿಗಳು ವರ್ಗವಾಗುತ್ತಾರೆ, ಸರ್ಕಾರಗಳು ಬದಲಾಗುತ್ತವೆ. ಹೊಸಬರು ಬಂದು 'ಈ ಗೋಡೆ ಯಾಕೆ ಒಡೆದಿರಿ?' ಎಂದು ಕೇಳುತ್ತಾರೆ. ಅದಕ್ಕೊಂದು ತೀರ್ಮಾನಗಳ ಪುಸ್ತಕ ಇಡಿ. ದಿನಾಂಕ, ತೀರ್ಮಾನ, ಕಾರಣ, ಒಪ್ಪಿದವರ ಹುದ್ದೆ, ಬಿಟ್ಟ ಬೇರೆ ಆಯ್ಕೆ. ಒಂದು ತೀರ್ಮಾನಕ್ಕೆ ಐದು ಸಾಲು ಮೀರಬಾರದು, ಮೀರಿದರೆ ಯಾರೂ ಓದುವುದಿಲ್ಲ. ಸಭೆಯ ನಡಾವಳಿ ಮರುದಿನವೇ ಹೋಗಲಿ. ಹೊಸ ಅಧಿಕಾರಿ ಬಂದ ವಾರ ಈ ಪುಸ್ತಕ ಹಿಡಿದು ಅವರನ್ನು ಕಟ್ಟಡದಲ್ಲಿ ಸುತ್ತಿಸಿ.

ಯಾವುದನ್ನು ಉಳಿಸಬೇಕು ಎಂಬ ತೀರ್ಮಾನಗಳಿಗೆ ಈ ಪುಸ್ತಕ ಇನ್ನೂ ಮುಖ್ಯ. ಬರ್ಲಿನ್ನಿನ ರೈಖ್‌ಸ್ಟಾಗ್‌ನಲ್ಲಿ 1945ರಲ್ಲಿ ಸೋವಿಯತ್ ಸೈನಿಕರು ಗೋಡೆಯ ಮೇಲೆ ಗೀಚಿದ ಬರಹಗಳು ದುರಸ್ತಿಯ ಹೊತ್ತಿನಲ್ಲಿ ಹೊರಬಂದವು. ಅವುಗಳಲ್ಲಿ ಹಲವನ್ನು ಹಾಗೇ ಉಳಿಸಿಕೊಂಡರು. 1999ರಿಂದ ಜರ್ಮನಿಯ ಸಂಸತ್ತು ಅವುಗಳ ನಡುವೆಯೇ ಸೇರುತ್ತಿದೆ. ಇಂಥ ತೀರ್ಮಾನ ಎಂಜಿನಿಯರ್ ಒಬ್ಬರೇ ಮಾಡುವಂಥದ್ದಲ್ಲ. ಪ್ಲಾಸ್ಟರ್ ಕೆಳಗೆ ಏನಾದರೂ ಕಂಡರೆ ಕೆಲಸ ನಿಲ್ಲಿಸುವ ಅಧಿಕಾರ ಸುತ್ತಿಗೆ ಹಿಡಿದವರಿಗೂ ಇರಬೇಕು. ನಿಲ್ಲಿಸಿದ್ದಕ್ಕೆ ಅವರ ದಿನಗೂಲಿ ಕತ್ತರಿಸಬಾರದು. ಇದೂ ಗುತ್ತಿಗೆಯಲ್ಲಿ ಇರಲಿ.

ಒಪ್ಪಿಸುವಾಗ

ನಕ್ಷೆಗಳ ದೊಡ್ಡ ಕಟ್ಟು ಕೊಟ್ಟು ಕೈತೊಳೆದುಕೊಳ್ಳಬೇಡಿ. ಕಟ್ಟಡ ನೋಡಿಕೊಳ್ಳುವವರಿಗೆ ಗೋಡೆಗೆ ಅಂಟಿಸಬಹುದಾದ ಒಂದು ಹಾಳೆ ಮಾಡಿಕೊಡಿ. ಮಳೆಗಾಲಕ್ಕೆ ಮೊದಲು ಚಾವಣಿಯ ನೀರು ಹರಿಯುವ ಯಾವ ದೋಣಿ, ಯಾವ ಕೊಳವೆ ಸ್ವಚ್ಛ ಮಾಡಬೇಕು. ಯಾವ ಗೋಡೆಗೆ ಸಿಮೆಂಟ್ ಹಚ್ಚಬಾರದು, ಬೇಕಾದ ಸುಣ್ಣದ ಗಾರೆಯ ಮಿಶ್ರಣ ಏನು. ಯಾವ ಮಹಡಿಯಲ್ಲಿ ರ‍್ಯಾಕ್ ಇಡಬಾರದು. ಯಾವ ತೊಲೆಯನ್ನು ಯಾರೇ ಕೇಳಿದರೂ ಕೊರೆಯಬಾರದು. ಅವರ ಜೊತೆ ಒಮ್ಮೆ ಚಾವಣಿ ಹತ್ತಿ, ಹಾಳೆಯ ಪ್ರತಿ ಸಾಲನ್ನೂ ಆಯಾ ಜಾಗದಲ್ಲೇ ತೋರಿಸಿ.

ಒಂದು ವರ್ಷದ ನಂತರದ ಭೇಟಿಯನ್ನು ಮೂಲ ಒಪ್ಪಂದದಲ್ಲೇ ಸೇರಿಸಿ, ಅದಕ್ಕೆ ಹಣವನ್ನೂ ಇಡಿಸಿ. ಜೋರು ಮಳೆಯ ತಿಂಗಳಲ್ಲೇ ಹೋಗಿ. ತೊಲೆಗಳ ತುದಿಯ ತೇವ ಅಳೆಯಿರಿ, ಉಳಿಸಿಟ್ಟ ಅಳತೆ ಪಟ್ಟಿಗಳನ್ನು ಓದಿ, ಹೊಸ ಗಾರೆ ಎಲ್ಲಾದರೂ ಬಿಟ್ಟಿದೆಯಾ ನೋಡಿ. ಆ ವರದಿಯ ಪ್ರತಿ ಹಣಕಾಸಿನವರಿಗೂ ಹೋಗಲಿ, ಬೀಗದ ಕೈ ಇಟ್ಟುಕೊಂಡವರಿಗೂ ಹೋಗಲಿ.